ಹಿರಿಯರ ನಿವಾಸವನ್ನು ಮನೆಯಾಗಿ ನಡೆಸುವ ಬಗೆ: ವ್ಯವಸ್ಥಾಪಕರಿಗೂ ನಿವಾಸಿಗಳ ಸಮಿತಿಗೂ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡಗಳಂತಹ ಊರುಗಳಲ್ಲಿ ಇಂದು ಹಿರಿಯರ ನಿವಾಸಗಳು ಮುಖ್ಯವಾಗಿ ಮೂರು ಬಗೆಯವು. ದಾನಿಗಳ ನೆರವಿನಿಂದ ಟ್ರಸ್ಟುಗಳು ನಡೆಸುವ ವೃದ್ಧಾಶ್ರಮಗಳು ಒಂದು ಬಗೆ; ಠೇವಣಿಯನ್ನೂ ತಿಂಗಳ ಶುಲ್ಕವನ್ನೂ ಪಡೆದು ಕೊಠಡಿ, ಊಟ, ಆರೈಕೆ ಕೊಡುವ ನಿವಾಸಗಳು ಇನ್ನೊಂದು; ಹಿರಿಯರೇ ಮನೆ ಕೊಂಡುಕೊಂಡು ಸೇವೆಗಳಿಗೆ ಬೇರೆಯಾಗಿ ಹಣ ಕಟ್ಟುವ ವಸತಿ ಸಮುಚ್ಚಯಗಳು ಮತ್ತೊಂದು. ಮೂರರ ಹಣಕಾಸು ಬೇರೆ, ಕಟ್ಟಡ ಬೇರೆ, ಕಾನೂನಿನ ಸ್ಥಾನವೂ ಬೇರೆ. ಆದರೂ ಒಳಗೆ ಕೆಲವು ದಿನ ಇದ್ದು ನೋಡಿದವರಿಗೆ ಹೆಚ್ಚಿನ ಕಡೆ ಒಂದೇ ಕೊರತೆ ಕಣ್ಣಿಗೆ ಬೀಳುತ್ತದೆ. ಅಲ್ಲಿನ ದಿನಚರಿ ಸಿಬ್ಬಂದಿಯ ಪಾಳಿಗೆ ಹೊಂದಿಕೊಂಡಿರುತ್ತದೆ, ಅಲ್ಲಿ ಬಾಳುವವರು ಅದಕ್ಕೆ ಹೊಂದಿಕೊಳ್ಳುತ್ತಾರೆ. ಪಾಳಿ ಏಳು ಗಂಟೆಗೆ ಬದಲಾಗುತ್ತದೆ ಎಂದು ಐದೂವರೆಗೇ ಸ್ನಾನ ಮುಗಿಸಲಾಗುತ್ತದೆ. ಅಡುಗೆಯವರು ಎಂಟಕ್ಕೆ ಹೊರಡಬೇಕೆಂದು ಆರೂವರೆಗೇ ರಾತ್ರಿಯ ಊಟ ಬಡಿಸಲಾಗುತ್ತದೆ.

ನಿವಾಸಿಯೇ ಆ ಮನೆಯ ಯಜಮಾನ ಅಥವಾ ಯಜಮಾನಿ ಎಂದು ಒಪ್ಪಿಕೊಂಡರೆ ಇಂತಹ ಪ್ರತಿಯೊಂದು ನಿಯಮವನ್ನೂ ಮತ್ತೆ ಕೈಗೆತ್ತಿಕೊಂಡು ನೋಡಬೇಕಾಗುತ್ತದೆ. ಹಾಗೆ ನೋಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಎಲ್ಲವನ್ನೂ ಒಮ್ಮೆಗೇ ಹಿಡಿಯುವುದು ಸಾಧ್ಯವಿಲ್ಲ. ಮೊದಲ ಮೂರು ತಿಂಗಳು ಬಚ್ಚಲುಮನೆ ಮತ್ತು ಔಷಧ, ಈ ಎರಡನ್ನೇ ಸರಿಪಡಿಸಿದರೂ ಸಾಕು. ಏಕೆಂದರೆ ಜೀವಕ್ಕೆ ಅಪಾಯವಿರುವುದು ಅಲ್ಲಿ.

ಹಂತ 1: ಒಂದು ಹಗಲು, ಒಂದು ರಾತ್ರಿ ನಿವಾಸಿಯಾಗಿ ಇದ್ದು ನೋಡುವುದು

ವ್ಯವಸ್ಥಾಪಕರೂ ಆಡಳಿತ ಮಂಡಳಿಯ ಒಬ್ಬಿಬ್ಬರು ಸದಸ್ಯರೂ ಖಾಲಿ ಇರುವ ಕೊಠಡಿಯೊಂದರಲ್ಲಿ ಪೂರ್ಣ 24 ಗಂಟೆ ಕಳೆಯಬೇಕು. ಅದೇ ಮಂಚ, ಅದೇ ಊಟ, ಅದೇ ಬಚ್ಚಲು. ರಾತ್ರಿ ಎರಡು ಗಂಟೆಗೆ ಎದ್ದು ದೀಪ ಹಾಕದೆ ಶೌಚಕ್ಕೆ ಹೋಗಿ ಬರಬೇಕು. ಕರೆಗಂಟೆ ಒತ್ತಿ, ಯಾರಾದರೂ ಬರಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಅರ್ಧ ಗಂಟೆ ಗಾಲಿಕುರ್ಚಿಯಲ್ಲಿ ಕೂತು, ಊಟದ ಮನೆಗೂ ಗೇಟಿನವರೆಗೂ ಯಾರ ನೆರವೂ ಇಲ್ಲದೆ ಹೋಗಲು ಪ್ರಯತ್ನಿಸಬೇಕು. ಕಚೇರಿಯಲ್ಲಿ ಕೂತು ವರದಿ ಓದಿದರೆ ಕಾಣದ ಸಂಗತಿಗಳು, ಉದಾಹರಣೆಗೆ ಹಾಸಿಗೆಯಿಂದ ಕೈಗೆಟುಕದ ದೀಪದ ಸ್ವಿಚ್ಚು, ಬಾಗಿಲ ಹೊಸ್ತಿಲಿನ ಒಂದಂಗುಲದ ಏರು, ರಾತ್ರಿಯಿಡೀ ಕೇಳುವ ಪಂಪಿನ ಸದ್ದು, ಆ ಒಂದು ದಿನದಲ್ಲಿ ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಆಗ ಬರೆದುಕೊಂಡ ಪಟ್ಟಿಯೇ ಮುಂದಿನ ಕೆಲಸದ ಪಟ್ಟಿ.

ಹಂತ 2: ಸೇರುವ ಮೊದಲೇ ಎಲ್ಲವನ್ನೂ ಬರಹಕ್ಕೆ ಇಳಿಸುವುದು

ನಿವಾಸಗಳಲ್ಲಿ ನಡೆಯುವ ಜಗಳಗಳಲ್ಲಿ ಬಹುಪಾಲು ಕರಾರಿನಲ್ಲಿ ಬರೆಯದೆ ಬಿಟ್ಟ ವಿಷಯಗಳಿಂದಲೇ ಹುಟ್ಟುತ್ತವೆ. ಕರಾರು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಇರಬೇಕು. ಮಕ್ಕಳಿಗಷ್ಟೇ ತೋರಿಸಿ ಸಹಿ ಪಡೆಯದೆ, ವಾಸಕ್ಕೆ ಬರುವವರೇ ಓದಿ, ಪ್ರಶ್ನೆ ಕೇಳಿ, ಒಂದು ವಾರ ಯೋಚಿಸಿ ಸಹಿ ಹಾಕಲು ಅವಕಾಶವಿರಬೇಕು. ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ, ವರ್ಷಕ್ಕೆ ಶುಲ್ಕ ಎಷ್ಟರಮಟ್ಟಿಗೆ ಏರಬಹುದು, ಆಸ್ಪತ್ರೆಗೆ ಸೇರಿದ ದಿನಗಳಿಗೆ ಊಟದ ಹಣ ಕಡಿತವಾಗುತ್ತದೆಯೇ, ನಡೆದಾಡುತ್ತಿದ್ದವರು ಹಾಸಿಗೆ ಹಿಡಿದರೆ ಇಲ್ಲಿಯೇ ಇರಬಹುದೇ, ಬಿಟ್ಟು ಹೋಗಬೇಕಾದರೆ ಎಷ್ಟು ದಿನಗಳ ಸೂಚನೆ ಬೇಕು, ಠೇವಣಿ ಯಾರಿಗೆ ಎಷ್ಟು ದಿನದೊಳಗೆ ಮರಳುತ್ತದೆ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಅಡುಗೆಮನೆ ಶುದ್ಧ ಸಸ್ಯಾಹಾರಿಯಾಗಿದ್ದರೆ ಅದನ್ನೂ ಮೊದಲೇ ಹೇಳಬೇಕು. ಜೀವಮಾನವಿಡೀ ಮೀನು ಉಂಡ ಕರಾವಳಿಯ ಹಿರಿಯರೊಬ್ಬರಿಗೆ ಇದು ಸಣ್ಣ ವಿಷಯವಲ್ಲ.

ಮನೆ ಕೊಳ್ಳುವ ಬಗೆಯ ಸಮುಚ್ಚಯಗಳಿಗಾಗಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ನಿವಾಸಗಳ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿದೆ. ಕಟ್ಟಡ ಕಟ್ಟಿದವರು, ಸೇವೆ ಒದಗಿಸುವವರು ಮತ್ತು ಕೊಳ್ಳುವವರು ಮೂವರೂ ಸೇರಿ ಒಂದೇ ಕರಾರಿಗೆ ಸಹಿ ಹಾಕಬೇಕೆಂಬುದು ಅದರ ಬಹು ಉಪಯುಕ್ತ ಸಲಹೆ. ಲಿಫ್ಟ್ ಕೆಟ್ಟಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಇದರಿಂದ ತಪ್ಪುತ್ತದೆ.

ಇದರ ಜೊತೆಗೆ ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕ್ಷೇಮಾಭಿವೃದ್ಧಿ ಕಾಯ್ದೆ, 2007ರ ತಿಳಿವಳಿಕೆ ವ್ಯವಸ್ಥಾಪಕರಿಗೆ ಇರಲೇಬೇಕು. ಮಕ್ಕಳ ಹೆಸರಿಗೆ ಮನೆ ಬರೆದುಕೊಟ್ಟು, ಆಮೇಲೆ ನೋಡಿಕೊಳ್ಳುವವರಿಲ್ಲದೆ ಬಂದವರು ಎಷ್ಟೋ ಮಂದಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟಿದ್ದು, ಆ ಷರತ್ತು ಮುರಿದಿದ್ದರೆ, ಕಾಯ್ದೆಯ 23ನೇ ಕಲಂ ಪ್ರಕಾರ ಆ ವರ್ಗಾವಣೆಯನ್ನು ರದ್ದುಪಡಿಸುವಂತೆ ನ್ಯಾಯಮಂಡಳಿಯನ್ನು ಕೇಳಬಹುದು. ಕರ್ನಾಟಕದಲ್ಲಿ ಈ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿರುತ್ತದೆ. ದಾರಿ ತೋರಿಸುವುದು ನಿವಾಸದ ಕೆಲಸ; ಹೋಗಬೇಕೋ ಬೇಡವೋ ಎಂಬುದು ಹಿರಿಯರ ತೀರ್ಮಾನ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ನ್ನು ಪ್ರತಿ ಕೊಠಡಿಯ ಗೋಡೆಯ ಮೇಲೂ ಬರೆದಿಡುವುದು ಒಳ್ಳೆಯದು.

ಹಂತ 3: ಬಚ್ಚಲುಮನೆಯಿಂದ ಕೆಲಸ ಆರಂಭಿಸುವುದು

ಈ ಒಂದು ಹಂತಕ್ಕೆ ಹೆಚ್ಚು ಹಣವನ್ನೂ ಗಮನವನ್ನೂ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎಪ್ಪತ್ತೈದು ದಾಟಿದವರ ಸೊಂಟದ ಮೂಳೆ ಮುರಿದರೆ ಅದು ಬರೀ ಮೂಳೆಯ ಮಾತಾಗಿ ಉಳಿಯುವುದಿಲ್ಲ. ಅಲ್ಲಿಯವರೆಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದವರು ಮತ್ತೆಂದೂ ಹಾಗೆ ಬದುಕಲಾರದೆ ಹೋಗಬಹುದು.

ಬಚ್ಚಲುಮನೆಯ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾಗಿ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ನೂಕಿದಷ್ಟೂ ಅವರಿಗೇ ಪೆಟ್ಟು. ಚಿಲಕ ಹೊರಗಿನಿಂದಲೂ ತೆಗೆಯಬಹುದಾದ ಬಗೆಯದಾಗಿರಲಿ. ಕಮೋಡಿನ ಪಕ್ಕಕ್ಕೂ ಸ್ನಾನದ ಜಾಗಕ್ಕೂ ಗೋಡೆಗೆ ಗಟ್ಟಿಯಾಗಿ ಕೂಡಿಸಿದ ಹಿಡಿಕಂಬಿ ಬೇಕು; ಟವಲ್ ಹಾಕುವ ಸರಳನ್ನು ಹಿಡಿದು ಏಳುವ ಅಭ್ಯಾಸ ಅನೇಕರಿಗಿದೆ, ಆ ಸರಳು ಮನುಷ್ಯನ ಭಾರ ತಡೆಯುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಬಕೆಟ್ಟು-ಚೊಂಬಿನಲ್ಲಿ ಸ್ನಾನ ಮಾಡುವವರಾದ್ದರಿಂದ, ಬಗ್ಗಿ ನೀರು ತೆಗೆಯುವಾಗಲೇ ತಲೆ ಸುತ್ತುತ್ತದೆ. ಬಕೆಟ್ಟನ್ನು ಮೊಣಕಾಲಿನ ಎತ್ತರದ ಕಟ್ಟೆಯ ಮೇಲಿಟ್ಟು, ಬೆನ್ನು ಒರಗಿಸಬಹುದಾದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸ್ನಾನ ಮಾಡುವ ಏರ್ಪಾಡು ಮಾಡಿದರೆ ಖರ್ಚು ತೀರ ಕಡಿಮೆ. ಸೋಲಾರ್ ನೀರು ಬೇಸಿಗೆಯಲ್ಲಿ ಚರ್ಮ ಸುಡುವಷ್ಟು ಕಾದಿರುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ನಿಯಮವನ್ನು ಪ್ರತಿಯೊಬ್ಬ ಸಿಬ್ಬಂದಿಗೂ ಕಲಿಸಬೇಕು. ಸಕ್ಕರೆ ಕಾಯಿಲೆಯಿಂದ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗಿದವರಿಗೆ ನೀರು ಸುಡುತ್ತಿರುವುದು ತಿಳಿಯುವುದೇ ಇಲ್ಲ.

ಮೆಟ್ಟಿಲಿದ್ದಲ್ಲಿ ಇಳಿಜಾರು ಕಟ್ಟುವುದಾದರೆ ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಕೊಡಬೇಕು. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವವರ ಕೈ ಸೋಲುತ್ತದೆ. ಮಂಚದಿಂದ ಬಚ್ಚಲುಮನೆಯವರೆಗೆ ರಾತ್ರಿಯಿಡೀ ಉರಿಯುವ ಚಿಕ್ಕ ದೀಪಗಳು ಬೇಕು. ಕಾಲೊರಸುವ ಚಾಪೆ, ಹಿಂಬದಿ ಪಟ್ಟಿ ಇಲ್ಲದ ಹವಾಯಿ ಚಪ್ಪಲಿ, ನೆಲ ಮುಟ್ಟುವ ಪಂಚೆ ಅಥವಾ ಸೀರೆಯ ಅಂಚು ಇವೆಲ್ಲ ಕಾಲಿಗೆ ತೊಡರುವಂಥವು. ಆದರೆ ಸೀರೆ ಬಿಡಿಸಿ ನೈಟಿ ತೊಡಿಸುವುದು ಇದಕ್ಕೆ ಪರಿಹಾರವಲ್ಲ, ಸೀರೆಯನ್ನು ಒಂದು ಗೇಣು ಮೇಲಕ್ಕೆ ಉಡಲು ನೆರವಾದರೆ ಸಾಕು.

ಯಾರಾದರೂ ಬಿದ್ದರೆ ಆ ಕ್ಷಣವೇ ಎತ್ತಿ ಕೂರಿಸುವುದು ತಪ್ಪು. ನೋವು ಎಲ್ಲಿದೆ, ಕಾಲು ಅಲ್ಲಾಡಿಸಲು ಆಗುತ್ತದೆಯೇ ಎಂದು ಕೇಳಿ ನೋಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಅವರು ಮೇಲ್ನೋಟಕ್ಕೆ ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಆಮೇಲೆ ಬಿದ್ದ ಸಮಯ, ಜಾಗ, ತೊಟ್ಟಿದ್ದ ಚಪ್ಪಲಿ, ಅಂದು ತೆಗೆದುಕೊಂಡ ಮಾತ್ರೆಗಳನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಆರು ತಿಂಗಳ ಬರಹವನ್ನು ಒಟ್ಟಿಗೆ ಓದಿದಾಗ ಬೀಳುವಿಕೆಗಳು ಯಾವ ಹೊತ್ತಿನಲ್ಲಿ, ಯಾವ ತಿರುವಿನಲ್ಲಿ ಹೆಚ್ಚು ಎಂಬುದು ಹೊರಬೀಳುತ್ತದೆ. ಬಿದ್ದವರ ರಕ್ತದೊತ್ತಡವನ್ನು ಮಲಗಿದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ವೈದ್ಯರಿಗೆ ತಿಳಿಸಿ ಮಾತ್ರೆಗಳನ್ನು ಪರಿಶೀಲಿಸಲು ಕೇಳಬೇಕು.

ಹಂತ 4: ಔಷಧದ ವ್ಯವಸ್ಥೆ

ಒಬ್ಬ ನಿವಾಸಿ ಹೃದ್ರೋಗಕ್ಕೆ ಒಬ್ಬ ವೈದ್ಯರನ್ನೂ, ಮಂಡಿನೋವಿಗೆ ಇನ್ನೊಬ್ಬರನ್ನೂ, ನಿದ್ರೆ ಬರುವುದಿಲ್ಲವೆಂದು ಮತ್ತೊಬ್ಬರನ್ನೂ ಕಾಣುತ್ತಿರುತ್ತಾರೆ. ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಚೀಟಿಗಳಲ್ಲಿ ಬಂದು, ದಿನಕ್ಕೆ ಎರಡು ಪಾಲು ನುಂಗುವುದು ಹೀಗೆಯೇ. ಪ್ರತಿಯೊಬ್ಬರಿಗೂ ಒಂದೇ ಹಾಳೆಯ ಔಷಧಪಟ್ಟಿ ಇರಬೇಕು. ಅದರಲ್ಲಿ ಕಂಪನಿಯ ಹೆಸರಿನ ಪಕ್ಕದಲ್ಲಿ ಔಷಧದ ಮೂಲ ಹೆಸರು, ಏತಕ್ಕಾಗಿ, ಯಾವಾಗ, ಊಟಕ್ಕೆ ಮುಂಚೆಯೋ ನಂತರವೋ ಎಂಬುದು ಇರಬೇಕು. ಆಸ್ಪತ್ರೆಯಿಂದ ಮರಳಿದ ದಿನವೇ ಹಳೆಯ ಪಟ್ಟಿಯನ್ನೂ ಹೊಸ ಚೀಟಿಯನ್ನೂ ಸಾಲುಸಾಲಾಗಿ ಹೋಲಿಸಬೇಕು. ಆರು ತಿಂಗಳಿಗೊಮ್ಮೆ ಒಬ್ಬ ವೈದ್ಯರ ಮುಂದೆ ಇಡೀ ಪಟ್ಟಿ ಇಟ್ಟು, ಯಾವುದನ್ನು ನಿಲ್ಲಿಸಬಹುದು ಎಂದು ಕೇಳಬೇಕು. ಯಾವುದನ್ನು ಸೇರಿಸಬೇಕು ಎಂಬ ಪ್ರಶ್ನೆಗಿಂತ ಇದು ಹೆಚ್ಚು ಉಪಕಾರಿ.

ಕೆಲವು ಔಷಧಗಳ ಮೇಲೆ ಕೆಂಪು ಗುರುತು ಇರಲೇಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ. ಅದನ್ನು ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ಥೈರಾಯ್ಡ್ ಮಾತ್ರೆ ಬರಿಹೊಟ್ಟೆಯಲ್ಲಿ, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗಿಂತ ನಾಲ್ಕು ಗಂಟೆ ದೂರದಲ್ಲಿರಬೇಕು. ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚುಮದ್ದನ್ನು ತಟ್ಟೆ ಮುಂದೆ ಬಂದ ಮೇಲೆಯೇ ಕೊಡಬೇಕು, ಅಡುಗೆ ತಡವಾದ ದಿನ ಇದರ ಬೆಲೆ ತಿಳಿಯುತ್ತದೆ. ಸಕ್ಕರೆಯ ಪ್ರಮಾಣ 70ಕ್ಕಿಂತ ಕೆಳಗಿಳಿದು, ನಿವಾಸಿಗೆ ಎಚ್ಚರವಿದ್ದು ನುಂಗಲು ಬರುವಂತಿದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕೆಂಬುದನ್ನು ರಾತ್ರಿ ಪಾಳಿಯವರೂ ಬಾಯಿಪಾಠ ಮಾಡಿರಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ತಮ್ಮ ಮಾತ್ರೆಯನ್ನು ತಾವೇ ನೋಡಿಕೊಳ್ಳಬಲ್ಲವರಿಂದ ಆ ಕೆಲಸವನ್ನು ಕಿತ್ತುಕೊಳ್ಳಬಾರದು. ವಾರದ ಡಬ್ಬಿ ತುಂಬಲು ನೆರವಾಗಿ, ಭಾನುವಾರ ಒಮ್ಮೆ ನೋಡಿದರೆ ಸಾಕು.

ಹಂತ 5: ಅಡುಗೆಮನೆ ಮತ್ತು ಊಟದ ಹೊತ್ತು

ರಾತ್ರಿ ಏಳಕ್ಕೆ ಊಟ ಮುಗಿದು ಬೆಳಿಗ್ಗೆ ಎಂಟೂವರೆಗೆ ತಿಂಡಿ ಬಂದರೆ ನಡುವೆ ಹದಿಮೂರೂವರೆ ಗಂಟೆಗಳ ಉಪವಾಸವಾಯಿತು. ರಾತ್ರಿ ಒಂಬತ್ತಕ್ಕೆ ಒಂದು ಲೋಟ ಹಾಲು ಅಥವಾ ರಾಗಿ ಅಂಬಲಿ, ಬೆಳಗಿನ ಜಾವ ಎದ್ದವರಿಗೆ ಎದ್ದ ಹೊತ್ತಿಗೇ ಕಾಫಿ, ಇಷ್ಟು ಮಾಡಿದರೆ ಅರ್ಧ ಅಸಮಾಧಾನ ಇಳಿಯುತ್ತದೆ. ಕಾಫಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಐವತ್ತು ವರ್ಷ ಐದು ಗಂಟೆಗೆ ಎದ್ದು ಫಿಲ್ಟರ್ ಕಾಫಿ ಕುಡಿದವರನ್ನು ಏಳರವರೆಗೆ ಕಾಯಿಸುವ ಹಕ್ಕು ಯಾವ ಆಡಳಿತಕ್ಕೂ ಇಲ್ಲ. ಫ್ಲಾಸ್ಕಿನಲ್ಲಿ ತುಂಬಿಟ್ಟು ಪಡಸಾಲೆಯ ಮೇಜಿನ ಮೇಲಿಡಬಹುದು.

ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮಾತ್ರ ವೈದ್ಯರ ಲೆಕ್ಕ ಬೇರೆ. ಅನ್ನ, ತಿಳಿಸಾರು, ಪಲ್ಯದ ಊಟದಲ್ಲಿ ಇದು ಸಿಗುವುದಿಲ್ಲ. ಕಟ್ಟಿನ ಸಾರಿನ ಬದಲು ಗಟ್ಟಿ ತೊವ್ವೆ, ಮೊಳಕೆ ಕಾಳಿನ ಉಸಲಿ, ಮಧ್ಯಾಹ್ನ ಒಂದು ಬಟ್ಟಲು ಮೊಸರು, ತಿನ್ನುವವರಿಗೆ ಮೊಟ್ಟೆ ಇರಬೇಕು. ತಿಂಗಳಿಗೊಮ್ಮೆ ಎಲ್ಲರ ತೂಕ ನೋಡಬೇಕು. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದಿದ್ದರೆ ಅದು ಎಚ್ಚರಿಕೆಯ ಗಂಟೆ. ಕಾರಣ ಸಡಿಲವಾದ ಕಟ್ಟುಹಲ್ಲು ಇರಬಹುದು, ಮನಸ್ಸಿನ ಖಿನ್ನತೆಯಿರಬಹುದು, ಒಳಗಿನ ಕಾಯಿಲೆಯೂ ಇರಬಹುದು.

ನುಂಗಲು ಕಷ್ಟಪಡುವವರ ಪಟ್ಟಿ ಬಡಿಸುವವರ ಕೈಯಲ್ಲಿ ಇರಬೇಕು. ಅಗಿಯದೆ ನುಂಗುವ ಮುದ್ದೆ, ಒಣ ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ ಇವು ಪಾರ್ಶ್ವವಾಯು ಅಥವಾ ಪಾರ್ಕಿನ್‌ಸನ್ ಕಾಯಿಲೆಯವರ ಗಂಟಲಿಗೆ ಅಪಾಯ. ರಾತ್ರಿ ಏಳಬೇಕಾಗುತ್ತದೆ ಎಂದು ನೀರನ್ನೇ ಕುಡಿಯದಿರುವವರು ಅನೇಕರಿದ್ದಾರೆ. ಅವರಿಗೆ ಸಂಜೆ ಐದರೊಳಗೆ ನೀರು ಮಜ್ಜಿಗೆ, ಪಾನಕ, ಗಂಜಿತಿಳಿಗಳ ರೂಪದಲ್ಲಿ ದ್ರವ ಸೇರುವಂತೆ ನೋಡಿಕೊಳ್ಳಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ನೀರಿನ ಮಿತಿ ಹಾಕಿದವರಿಗೆ ವೈದ್ಯರ ಮಾತೇ ಅಳತೆ.

ಅಡುಗೆಪಟ್ಟಿಯನ್ನು ನಿವಾಸಿಗಳೇ ವಾರಕ್ಕೊಮ್ಮೆ ಕೂತು ತೀರ್ಮಾನಿಸಲಿ. ವಿಜಯಪುರದ ಕಡೆಯವರಿಗೆ ಬಿಸಿ ಜೋಳದ ರೊಟ್ಟಿ, ದಕ್ಷಿಣ ಕನ್ನಡದವರಿಗೆ ಕುಚ್ಚಲಕ್ಕಿ ಗಂಜಿ, ಮಂಡ್ಯದವರಿಗೆ ಮೆತ್ತಗಿನ ಮುದ್ದೆ ವಾರಕ್ಕೊಂದು ದಿನವಾದರೂ ಸಿಗಬೇಕು. ಏಕಾದಶಿಯ ಫಲಾಹಾರ, ರಂಜಾನಿನ ಸಹರಿ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಒಂದು ಪಲ್ಯ, ಇವನ್ನು ತೊಂದರೆ ಎಂದು ಎಣಿಸಬಾರದು.

ಹಂತ 6: ಸಿಬ್ಬಂದಿ, ಅವರ ಬದುಕು, ಅವರ ಭಾಷೆ

ನಿವಾಸಿಗಳ ಯೋಗಕ್ಷೇಮ ಕೊನೆಗೂ ನಿಂತಿರುವುದು ರಾತ್ರಿ ಮೂರಕ್ಕೆ ಹಾಸಿಗೆ ಬದಲಿಸುವ ಆಯಾಳ ಮೇಲೆ. ಆಕೆಗೆ ಮಲಗಲು ಒಂದು ಶುಚಿಯಾದ ಜಾಗ, ನಿವಾಸಿಗಳು ಉಣ್ಣುವ ಅದೇ ಊಟ, ವಾರದ ರಜೆ, ಭವಿಷ್ಯನಿಧಿ, ಅರ್ಹತೆಯಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕೊಡದೆ, ನಯವಾಗಿ ಮಾತನಾಡು ಎಂದು ಹೇಳುವುದು ಅನ್ಯಾಯ. ನೇಮಕಕ್ಕೆ ಮುಂಚೆ ಪೊಲೀಸ್ ಪರಿಶೀಲನೆ ಬೇಕು. ಪಾಳಿ ಬದಲಾಗುವಾಗ ಹದಿನೈದು ನಿಮಿಷ ಇಬ್ಬರೂ ಜೊತೆಯಲ್ಲಿ ಕೊಠಡಿಯಿಂದ ಕೊಠಡಿಗೆ ನಡೆದು, ಯಾರು ಊಟ ಬಿಟ್ಟರು, ಯಾರಿಗೆ ಭೇದಿಯಾಯಿತು, ಯಾರು ಮಂಕಾಗಿದ್ದಾರೆ ಎಂದು ಹೇಳಿ ಬರೆಯಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಸಮಯ ಸಮೇತ ಗುರುತು ಇರಬೇಕು. ಹಾಸಿಗೆ ಹುಣ್ಣು ಬಂದ ಮೇಲೆ ವಾಸಿಮಾಡುವುದಕ್ಕಿಂತ ತಡೆಯುವುದು ಸುಲಭ.

ಈಗ ನಗರದ ನಿವಾಸಗಳಲ್ಲಿ ಆರೈಕೆ ಮಾಡುವವರಲ್ಲಿ ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದ ತರುಣ-ತರುಣಿಯರು ಬಹಳ. ಅವರಿಗೆ ಕನ್ನಡ ಕಲಿಸುವುದನ್ನು ತರಬೇತಿಯ ಮೊದಲ ವಾರದಲ್ಲೇ ಇಡಬೇಕು. ಬೀದಿಯಲ್ಲಿ ಕಿವಿಗೆ ಬಿದ್ದ ಕನ್ನಡವನ್ನು ಕಲಿತವರು 'ಬಾ', 'ಕೂತ್ಕೋ', 'ತಿನ್ನು' ಎನ್ನುತ್ತಾರೆ, ಅವರ ಮನಸ್ಸಿನಲ್ಲಿ ಅಗೌರವ ಇರುವುದಿಲ್ಲ; ಆದರೆ ನಲವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ಆ ಏಕವಚನ ದಿನವೂ ಚುಚ್ಚುತ್ತದೆ. ಆದ್ದರಿಂದ 'ಬನ್ನಿ', 'ಕೂತ್ಕೊಳ್ಳಿ', 'ಊಟ ಮಾಡಿ' ಎಂಬ ಬಹುವಚನದ ರೂಪಗಳನ್ನೇ ಮೊದಲು ಕಲಿಸಬೇಕು. ಎಲ್ಲರನ್ನೂ ಅಜ್ಜಿ, ತಾತ ಎಂದು ಕರೆಯುವ ಬದಲು, ಹೇಗೆ ಕರೆಯಲಿ ಎಂದು ಒಬ್ಬೊಬ್ಬರನ್ನೂ ಕೇಳಬೇಕು. ಒಬ್ಬರಿಗೆ ಅಮ್ಮ ಎಂದರೆ ಹಿತ, ಇನ್ನೊಬ್ಬರಿಗೆ ಮೇಡಂ.

ನೋವಿನ ಮಾತುಗಳನ್ನು ಕಲಿಸುವುದು ಇನ್ನೂ ಮುಖ್ಯ. ಉರಿ, ಸೆಳೆತ, ಜೋಮು, ತಲೆಸುತ್ತು, ಕಣ್ಣುಕತ್ತಲೆ, ಆಯಾಸ, ಸಂಕಟ ಇವೆಲ್ಲ ಬೇರೆ ಬೇರೆ. 'ಏನೋ ಸಂಕಟ ಆಗ್ತಿದೆ' ಎಂದು ಹಿರಿಯರು ಹೇಳಿದಾಗ ಅದನ್ನು ಮನಸ್ಸಿನ ಬೇಸರ ಎಂದು ತಿಳಿದು ಸುಮ್ಮನಿರುವುದು ಅಪಾಯ. ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವು ಎದೆನೋವೇ ಇಲ್ಲದೆ ಸಂಕಟ, ಬೆವರು, ಉಸಿರುಕಟ್ಟುವಿಕೆಯ ರೂಪದಲ್ಲಿ ಬರಬಹುದು.

ಹಂತ 7: ನಿವಾಸಿಗಳ ಸಮಿತಿ, ದೂರು, ಲೆಕ್ಕ

ಸಮಿತಿಯನ್ನು ಆಡಳಿತ ನೇಮಿಸಬಾರದು, ನಿವಾಸಿಗಳು ಗುಪ್ತ ಮತದಿಂದ ಆರಿಸಬೇಕು. ತಿಂಗಳಿಗೊಂದು ಸಭೆ, ಸಭೆಯ ನಡವಳಿಯ ಪ್ರತಿ ಸೂಚನಾಫಲಕದಲ್ಲಿ, ಹಿಂದಿನ ಸಭೆಯ ತೀರ್ಮಾನಗಳಲ್ಲಿ ಏನಾಯಿತು ಎಂಬುದು ಮುಂದಿನ ಸಭೆಯ ಮೊದಲ ವಿಷಯ. ದೂರು ಪುಸ್ತಕದಲ್ಲಿ ಬರೆದವರ ಹೆಸರು ಎಲ್ಲರಿಗೂ ಕಾಣುತ್ತದೆ ಎಂಬ ಭಯಕ್ಕೆ ಅನೇಕರು ಬರೆಯುವುದೇ ಇಲ್ಲ. ಬೀಗ ಹಾಕಿದ ಪೆಟ್ಟಿಗೆಯೊಂದಿರಲಿ, ಅದರ ಕೀಲಿ ಸಮಿತಿಯವರ ಕೈಯಲ್ಲಿರಲಿ. ಏಳು ದಿನದೊಳಗೆ ಉತ್ತರ ಕೊಡಬೇಕು, ಆಗದಿದ್ದರೆ ಏಕೆ ಆಗುವುದಿಲ್ಲವೆಂದು ಬರೆಯಬೇಕು.

ಆದಾಯ-ವೆಚ್ಚದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ನಿವಾಸಿಗಳ ಮುಂದಿಡುವುದು ಆಡಳಿತಕ್ಕೇ ಲಾಭ. ಡೀಸೆಲ್ಲಿಗೆ ಎಷ್ಟು, ಲಿಫ್ಟಿನ ವಾರ್ಷಿಕ ನಿರ್ವಹಣೆಗೆ ಎಷ್ಟು, ಸಂಬಳಕ್ಕೆ ಎಷ್ಟು ಎಂದು ಕಣ್ಣಾರೆ ಕಂಡವರು ಶುಲ್ಕದ ಏರಿಕೆಯನ್ನು ಒಪ್ಪುವುದು ಸುಲಭ. ನಿವಾಸಿಗಳಲ್ಲೇ ನಿವೃತ್ತ ಬ್ಯಾಂಕಿನವರು, ಲೆಕ್ಕಪರಿಶೋಧಕರು ಇದ್ದೇ ಇರುತ್ತಾರೆ, ಅವರ ಸಹಾಯ ಪಡೆಯಬಹುದು. ಠೇವಣಿ ಹಣವನ್ನು ದಿನನಿತ್ಯದ ಖರ್ಚಿಗೆ ಮುಟ್ಟಬಾರದು. ನೋಂದಾಯಿತ ದತ್ತಿ ಸಂಸ್ಥೆಗಳು ನಡೆಸುವ ವೃದ್ಧಾಶ್ರಮಗಳಲ್ಲಿ, 60 ತುಂಬಿದ ನಿವಾಸಿಗಳಿಂದ ವಸತಿ, ಊಟ, ನಿರ್ವಹಣೆ ಎಲ್ಲ ಸೇರಿಸಿ ತಿಂಗಳಿಗೆ 25,000 ರೂಪಾಯಿವರೆಗೆ ಪಡೆಯುವ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ ಎಂಬುದೂ ಗಮನದಲ್ಲಿರಲಿ.

ನಿವಾಸಿಗಳ ಸ್ವಂತ ಹಣದ ವಿಷಯದಲ್ಲಿ ಒಂದು ಕಟ್ಟುನಿಟ್ಟು ಬೇಕು: ಯಾವ ಸಿಬ್ಬಂದಿಯೂ ಎಟಿಎಂ ಕಾರ್ಡು, ಪಿನ್ ಸಂಖ್ಯೆ ಇಟ್ಟುಕೊಳ್ಳಬಾರದು. 70 ದಾಟಿದವರಿಗೆ ಮನೆ ಬಾಗಿಲಿನ ಬ್ಯಾಂಕ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ ನವೆಂಬರಿನಲ್ಲಿ, 80 ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರಿಗೆ ಅಕ್ಟೋಬರಿನಲ್ಲೇ, ನಿವಾಸದೊಳಗೇ ಒಂದು ದಿನದ ಏರ್ಪಾಡು ಮಾಡಬೇಕು. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವ ಕರೆಗಳ ಬಗ್ಗೆ ಆಗಾಗ ಹೇಳುತ್ತಿರಬೇಕು, ಸೈಬರ್ ವಂಚನೆಯ ದೂರು ಕೊಡುವ 1930 ಸಂಖ್ಯೆ ಎಲ್ಲರಿಗೂ ಗೊತ್ತಿರಬೇಕು. ಮೋಸಹೋದವರು ನಾಚಿಕೆಯಿಂದ ಮುಚ್ಚಿಡದಂತೆ ಅವರೊಡನೆ ಮೃದುವಾಗಿ ಮಾತನಾಡಬೇಕು.

ಹಂತ 8: ಹೊತ್ತು ಕಳೆಯುವುದಕ್ಕಿಂತ ಹೆಚ್ಚಿನದು

ಸಂಜೆಯ ಭಜನೆ, ವರ್ಷಕ್ಕೊಂದು ಪ್ರವಾಸ ಬೇಕು, ಅವಷ್ಟೇ ಸಾಲವು. ಹಿರಿಯರಿಗೆ ತಾವು ಬೇಕಾದವರು ಎನಿಸುವುದು ಕೆಲಸದಿಂದ. ಅವರೆಕಾಯಿಯ ಕಾಲದಲ್ಲಿ ಕಾಳು ಸುಲಿಯುವುದು, ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಗ್ರಂಥಾಲಯದ ಲೆಕ್ಕ ಇಡುವುದು, ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಹೊಸ ಸಿಬ್ಬಂದಿಗೆ ಕನ್ನಡ ಕಲಿಸುವುದು ಇವನ್ನೆಲ್ಲ ಮಾಡಲು ಮನಸ್ಸಿದ್ದವರಿಗೆ ಬಿಟ್ಟುಕೊಡಬೇಕು. ಸಂಬಳದ ಆಳಿನ ಬದಲಿಗೆ ಅವರನ್ನು ದುಡಿಸಿಕೊಳ್ಳಬಾರದು, ಅಷ್ಟೇ. ದೇಹಕ್ಕೆ ವಾರಕ್ಕೆ 150 ನಿಮಿಷಗಳ ನಡಿಗೆಯಂತಹ ಚಟುವಟಿಕೆ, ವಾರಕ್ಕೆ ಮೂರು ದಿನ ಸಮತೋಲನದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸದಿಂದ ಆರಂಭಿಸಬಹುದು.

ದಾನದಿಂದ ನಡೆಯುವ ಆಶ್ರಮಗಳಲ್ಲಿ ಹುಟ್ಟುಹಬ್ಬಕ್ಕೆಂದು ಊಟ ಹಾಕಿಸಲು ಬರುವವರು ಹೆಚ್ಚು. ಅವರ ಮನಸ್ಸು ಒಳ್ಳೆಯದೇ. ಆದರೆ ಪರಿಚಯವಿಲ್ಲದವರ ಮುಂದೆ ಸಾಲಾಗಿ ಕೂರಿಸಿ, ಕೈಗೆ ತಟ್ಟೆ ಕೊಡುವಾಗ ಚಿತ್ರ ತೆಗೆಯುವುದನ್ನು ನಿಲ್ಲಿಸಬೇಕು. ಒಪ್ಪಿಗೆಯಿಲ್ಲದೆ ಚಿತ್ರವಿಲ್ಲ, ಬಂದವರು ನಿವಾಸಿಗಳ ಪಕ್ಕದಲ್ಲೇ ಕೂತು ಉಣ್ಣಬೇಕು, ಸಿಹಿಯ ಪ್ರಮಾಣವನ್ನು ನಿವಾಸವೇ ಹೇಳುತ್ತದೆ ಎಂಬ ಮೂರು ನಿಯಮಗಳನ್ನು ಬಾಗಿಲಲ್ಲೇ ಬರೆದು ಹಾಕಬಹುದು.

ದೂರದೇಶದಲ್ಲಿರುವ ಮಕ್ಕಳೊಡನೆ ಮಾತಿಗೆ ನಿಗದಿಯಾದ ಹೊತ್ತಿರಲಿ. ಅಮೆರಿಕದ ರಾತ್ರಿ ನಮ್ಮ ಬೆಳಿಗ್ಗೆ. ಆರೋಗ್ಯದ ಸುದ್ದಿ ಯಾವ ಮಗನಿಗೆ ಅಥವಾ ಮಗಳಿಗೆ ತಿಳಿಯಬೇಕು ಎಂಬುದನ್ನು ನಿವಾಸಿಯೇ ಹೇಳಬೇಕು, ಅವರಿಗೆ ಗೊತ್ತಿಲ್ಲದಂತೆ ಮಕ್ಕಳೊಂದಿಗೆ ತೀರ್ಮಾನ ಮಾಡುವುದು ಸಲ್ಲದು.

ಹಂತ 9: ಮರೆವಿನ ಕಾಯಿಲೆ ಇರುವವರು

ಸಂಜೆಯಾದೊಡನೆ 'ಮನೆಗೆ ಹೋಗಬೇಕು' ಎಂದು ಹೊರಡುವವರಿಗೆ ನಿಮ್ಮ ಮನೆ ಈಗ ಇಲ್ಲ ಎಂದು ವಾದ ಹೂಡಿದರೆ ಗಾಬರಿ ಹೆಚ್ಚುತ್ತದೆ. ಆ ಮನೆಯ ಬಗ್ಗೆ ಕೇಳುತ್ತ, ಅಂಗಳದಲ್ಲಿ ಒಂದು ಸುತ್ತು ಜೊತೆಯಲ್ಲಿ ನಡೆದು ಬರುವುದು ಫಲ ಕೊಡುತ್ತದೆ. ಇದಕ್ಕಾಗಿ ಪ್ರತಿಯೊಬ್ಬರ ಬಾಳಿನ ಬಗ್ಗೆ ಎರಡು ಪುಟದ ಬರಹ ಇರಬೇಕು: ಹುಟ್ಟಿದ ಊರು, ಮಾಡಿದ ಕೆಲಸ, ತೀರಿಕೊಂಡ ಸಂಗಾತಿಯ ಹೆಸರು, ಇಷ್ಟದ ಹಾಡು, ಭಯ. ಕೊಠಡಿಯ ಬಾಗಿಲಿಗೆ ಸಂಖ್ಯೆಯ ಜೊತೆಗೆ ಅವರ ಹಳೆಯ ಭಾವಚಿತ್ರ ಹಾಕಿದರೆ ತಮ್ಮ ಕೊಠಡಿ ಗುರುತಿಸಲು ಸುಲಭ. ಕಟ್ಟಿಹಾಕುವುದು, ನಿದ್ದೆಯ ಮಾತ್ರೆ ಕೊಟ್ಟು ಸುಮ್ಮನಾಗಿಸುವುದು ಬೇಡ. ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಗೊಂದಲ ಹೆಚ್ಚಿದರೆ ಮರೆವು ಬೆಳೆಯಿತೆಂದು ಭಾವಿಸದೆ ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ ಇವನ್ನು ಮೊದಲು ನೋಡಬೇಕು.

ಹಂತ 10: ಕೊನೆಯ ದಿನಗಳು ಮತ್ತು ಆ ನಂತರದ ಕೆಲಸ

ಈ ಮಾತನ್ನು ಆಡಳಿತದವರು ಮುಂದೂಡುತ್ತಾರೆ, ನಿವಾಸಿಗಳು ಮುಂದೂಡುವುದಿಲ್ಲ. ಕೇಳಿದರೆ ಬಹಳ ಮಂದಿ ನೇರವಾಗಿ ಹೇಳುತ್ತಾರೆ: ಐಸಿಯು ಬೇಡ, ಇಲ್ಲಿಯೇ ಇರುತ್ತೇನೆ, ಅಥವಾ, ಸಾಧ್ಯವಾದ ಎಲ್ಲ ಚಿಕಿತ್ಸೆಯೂ ಬೇಕು. ಇದನ್ನು ಬರಹದಲ್ಲಿಡಲು ಕಾನೂನಿನ ದಾರಿಯಿದೆ. ಸುಪ್ರೀಂ ಕೋರ್ಟು 2018ರಲ್ಲಿ ಮುಂಗಡ ವೈದ್ಯಕೀಯ ನಿರ್ದೇಶನವನ್ನು, ಅಂದರೆ ಲಿವಿಂಗ್ ವಿಲ್ಲನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದರ ಜಾರಿಗಾಗಿ ಆದೇಶ ಹೊರಡಿಸಿದೆ. ಬಯಸುವವರಿಗೆ ಇದನ್ನು ಮಾಡಿಸಿಕೊಡಲು ವರ್ಷಕ್ಕೊಮ್ಮೆ ನೋಟರಿಯನ್ನು ನಿವಾಸಕ್ಕೇ ಕರೆಸಬಹುದು. ಯಾರ ಮೇಲೂ ಒತ್ತಾಯ ಬೇಡ. ನೋವು ಶಮನಕ್ಕೆ ಉಪಶಾಮಕ ಆರೈಕೆ ನೀಡುವ ತಂಡದೊಂದಿಗೆ ಮೊದಲೇ ಸಂಪರ್ಕ ಇಟ್ಟುಕೊಳ್ಳಬೇಕು.

ಪ್ರತಿಯೊಬ್ಬರ ಕಡತದಲ್ಲಿ ಒಂದು ಮುಚ್ಚಿದ ಲಕೋಟೆ ಇರಲಿ. ದಹನವೋ ಸಮಾಧಿಯೋ, ಎಲ್ಲಿ, ಕ್ರಿಯೆ ಯಾರು ಮಾಡಬೇಕು, ಮಗಳು ಮಾಡಬಹುದೇ, ವಿದೇಶದಿಂದ ಮಕ್ಕಳು ಬರುವವರೆಗೆ ಕಾಯಬೇಕೇ, ಕಣ್ಣುದಾನ ಅಥವಾ ದೇಹದಾನದ ಇಚ್ಛೆ ಇದೆಯೇ ಎಂಬುದು ಅದರಲ್ಲಿ ಇರಬೇಕು. ಕಣ್ಣುಗಳನ್ನು ತೆಗೆಯಲು ಕೆಲವೇ ಗಂಟೆಗಳ ಅವಕಾಶವಿರುವುದರಿಂದ ನೇತ್ರಬ್ಯಾಂಕಿನ ಸಂಖ್ಯೆ ರಾತ್ರಿ ಪಾಳಿಯವರ ಮೇಜಿನ ಮೇಲೆ ಬೇಕು. ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ, ಶೈತ್ಯಪೆಟ್ಟಿಗೆ, ಶವವಾಹನ, ಚಿತಾಗಾರದ ಏರ್ಪಾಡು, ಇವುಗಳ ಸಂಪರ್ಕ ಒಂದೇ ಹಾಳೆಯಲ್ಲಿರಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಇಂತಹ ವಸತಿಗೃಹಗಳಲ್ಲಿ ಸಂಭವಿಸಿದ ಸಾವಿನ ಮಾಹಿತಿ ಕೊಡುವ ಹೊಣೆಯನ್ನು 1969ರ ಜನನ ಮರಣ ನೋಂದಣಿ ಕಾಯ್ದೆ ಅಲ್ಲಿನ ಉಸ್ತುವಾರಿ ಹೊತ್ತವರ ಮೇಲೆ ಹಾಕಿದೆ.

ಉಳಿದ ನಿವಾಸಿಗಳಿಂದ ಸಾವನ್ನು ಮುಚ್ಚಿಡಬಾರದು. ಹಿಂಬಾಗಿಲಿನಿಂದ ನಡುರಾತ್ರಿಯಲ್ಲಿ ಸಾಗಿಸುವ ಪದ್ಧತಿಯನ್ನು ಕಂಡವರು, ನನ್ನನ್ನೂ ಹೀಗೆಯೇ ಒಯ್ಯುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಮುಂಬಾಗಿಲಿನಿಂದಲೇ ಕಳಿಸಿಕೊಡಬೇಕು, ಊಟದ ಮೇಜಿನ ಜೊತೆಗಾರರಿಗೂ ಸೇವೆ ಮಾಡಿದ ಆಯಾಗೂ ಕೊನೆಯ ಬಾರಿ ನೋಡಲು, ಹೂವಿಡಲು ಹೊತ್ತು ಕೊಡಬೇಕು. ಕೊಠಡಿಯನ್ನು ಹದಿಮೂರು ದಿನಗಳಾದರೂ ಬೇರೆಯವರಿಗೆ ಕೊಡದಿರುವುದು ಒಳ್ಳೆಯ ಪದ್ಧತಿ. ಕನ್ನಡಕ, ಕಟ್ಟುಹಲ್ಲು, ಮಂಗಳಸೂತ್ರ, ಬ್ಯಾಂಕ್ ಪುಸ್ತಕ, ಪತ್ರಗಳು, ದೇವರ ಪಟ, ಮೊಬೈಲ್ ಎಲ್ಲವನ್ನೂ ಇಬ್ಬರು ಸಿಬ್ಬಂದಿ ಮತ್ತು ಸಮಿತಿಯ ಒಬ್ಬರು ಸೇರಿ ಪಟ್ಟಿ ಮಾಡಿ, ಕರಾರಿನಲ್ಲಿ ಹೆಸರಿಸಿದವರಿಗೆ ಸಹಿ ಪಡೆದು ಒಪ್ಪಿಸಬೇಕು. ಠೇವಣಿಯನ್ನೂ ಕೊನೆಯ ತಿಂಗಳ ಲೆಕ್ಕವನ್ನೂ, ಅವರು ಕೇಳುವ ಮೊದಲೇ, ಅದೇ ದಿನ ಅವರ ಕೈಗೆ ಕೊಡಬೇಕು.